ಗಿಳಿ ಸಿಳ್ಳೆ ಹೊಡೆಯಿತೆಂದು ಔಷಧಿ ನಿಲ್ಲಿಸಬೇಡಿ, ಮೊದಲು ತೂಗಿ

ನಮಸ್ಕಾರ ವೀಕ್ಷಕರೇ. ಈ ವಾರ ಪಂಜರದ ಸ್ವಚ್ಛತೆಯ ಬಗ್ಗೆ ಮಾತನಾಡಬೇಕೆಂದು ಎಲ್ಲವನ್ನೂ ಬರೆದಿಟ್ಟುಕೊಂಡಿದ್ದೆ. ಅದನ್ನು ಬದಿಗಿಟ್ಟಿದ್ದೇನೆ. ಹಿಂದಿನ ವಿಡಿಯೋದ ಕೆಳಗೆ ಕುಮಟಾ ಕಡೆಯವರೊಬ್ಬರು ಬರೆದ ಕೆಲವು ಸಾಲುಗಳು ನನ್ನ ನಿದ್ದೆ ಕೆಡಿಸಿವೆ. ಅವರ ಮನೆಯ ಕಾಕಟೀಲ್ ಗಿಳಿಗೆ ಹುಷಾರು ತಪ್ಪಿತ್ತಂತೆ, ವೈದ್ಯರು ಔಷಧಿ ಕೊಟ್ಟರಂತೆ, ನಾಲ್ಕೇ ದಿನಗಳಲ್ಲಿ ಹಕ್ಕಿ ಮತ್ತೆ ಸಿಳ್ಳೆ ಹೊಡೆಯತೊಡಗಿದ್ದನ್ನು ಕಂಡು, ಪಾಪದ ಜೀವಕ್ಕೆ ಇನ್ನು ಕಹಿ ಔಷಧಿಯ ಹಿಂಸೆ ಯಾಕೆಂದು ಮನೆಯವರೆಲ್ಲ ಸೇರಿ ನಿಲ್ಲಿಸಿದರಂತೆ. ಮುಂದಿನ ವಾರ ಹಕ್ಕಿ ಸತ್ತಿತು. "ಹಣೆಬರಹ" ಎಂದು ಬರೆದು ಮುಗಿಸಿದ್ದರು. ಅದರ ಕೆಳಗೆ ಇನ್ನೂ ಹಲವರು ಬಂದು "ಋಣ ತೀರಿತು" ಎಂದು ಕೈಮುಗಿದು ಹೋಗಿದ್ದಾರೆ.

ಅವರ ದುಃಖ ನನಗೆ ಅರ್ಥವಾಗುತ್ತದೆ. ಆದರೆ ಹಣೆಬರಹ ಎಂಬ ಮಾತನ್ನು ನಾನು ಒಪ್ಪಲಾರೆ. ಗಿಳಿ ಹಾಡಿತು, ಮಾತಾಡಿತು, ಭುಜದ ಮೇಲೆ ಬಂದು ಕುಳಿತಿತು ಎಂಬ ಕಾರಣಕ್ಕೆ ಅದು ಗುಣವಾಯಿತೆಂದು ತೀರ್ಮಾನಿಸುವುದು ಈ ಕರಾವಳಿಯಲ್ಲಿ ಕಾಯಿಲೆಗಿಂತ ಹೆಚ್ಚು ಗಿಳಿಗಳನ್ನು ಕೊಲ್ಲುತ್ತಿದೆಯೆಂಬುದು ನನ್ನ ನಂಬಿಕೆ. ಗುಣವಾಗುತ್ತಿದೆಯೋ ಇಲ್ಲವೋ ಎಂಬುದನ್ನು ತಕ್ಕಡಿಯಲ್ಲಿ ನೋಡಬೇಕು. ಇವತ್ತು ಇದೊಂದನ್ನೇ ಹೇಳುತ್ತೇನೆ, ಬೇಸರವಾಗುವಷ್ಟು ಸಲ ಹೇಳುತ್ತೇನೆ.

ಕಾಡಿನಲ್ಲಿ ಗುಂಪಾಗಿ ಬದುಕುವ ಗಿಳಿಯೊಂದು ನಿತ್ರಾಣವಾಗಿ ಕಾಣಿಸಿಕೊಂಡರೆ ಗಿಡುಗದ ಕಣ್ಣು ಮೊದಲು ಬೀಳುವುದು ಅದರ ಮೇಲೆಯೇ. ಹಾಗಾಗಿ ಕಾಯಿಲೆಯನ್ನು ಮರೆಮಾಚುವುದು ಗಿಳಿಯ ಹುಟ್ಟುಗುಣ. ಅದು ಪುಕ್ಕ ಉಬ್ಬಿಸಿಕೊಂಡು, ಕಣ್ಣು ಅರೆಮುಚ್ಚಿ, ಪಂಜರದ ತಳದಲ್ಲಿ ಕುಳಿತದ್ದು ನಿಮಗೆ ಕಾಣುವ ಹೊತ್ತಿಗೆ ರೋಗ ಬಹಳ ಮುಂದೆ ಹೋಗಿರುತ್ತದೆ. ಇಷ್ಟನ್ನು ಹಕ್ಕಿ ಸಾಕುವ ಎಲ್ಲರೂ ಕೇಳಿದ್ದಾರೆ. ಅದೇ ಮರೆಮಾಚುವ ಗುಣ ಚೇತರಿಕೆಯ ಕಾಲದಲ್ಲಿಯೂ ಕೆಲಸ ಮಾಡುತ್ತದೆ ಎಂಬುದನ್ನು ಮಾತ್ರ ಯಾರೂ ಯೋಚಿಸುವುದಿಲ್ಲ. ಮೈಯಲ್ಲಿ ಒಂದಿಷ್ಟು ಕಸುವು ಬಂದ ಕೂಡಲೇ ಗಿಳಿ ಆರೋಗ್ಯವಂತನಂತೆ ನಡೆದುಕೊಳ್ಳತೊಡಗುತ್ತದೆ, ನಾವು ಸಂತೋಷದಿಂದ ನಂಬಿಬಿಡುತ್ತೇವೆ. ಮೇಲಿನಿಂದ ಪುಕ್ಕ ದಟ್ಟವಾಗಿ ಮುಚ್ಚಿರುವುದರಿಂದ ಒಳಗೆ ಎದೆಯ ಮಾಂಸ ಕರಗಿರುವುದು ಕಣ್ಣಿಗೆ ಬೀಳುವುದೇ ಇಲ್ಲ.

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ಕಾಕಟೀಲ್ ಮಲಗಿದಾಗ ನಡೆದದ್ದನ್ನು ಹೇಳುತ್ತೇನೆ. ಆರೋಗ್ಯವಾಗಿದ್ದಾಗ ಅದರ ತೂಕ 92 ಗ್ರಾಂ. ಕಾಯಿಲೆ ಬಿದ್ದು ವೈದ್ಯರಿಗೆ ತೋರಿಸುವ ಹೊತ್ತಿಗೆ 79 ಆಗಿತ್ತು. ಔಷಧಿ ಆರಂಭವಾಗಿ ಕೆಲವು ದಿನಗಳಾಗುವಷ್ಟರಲ್ಲಿ ಜುಟ್ಟು ಎತ್ತಿತು, ಬಾಗಿಲ ಗಂಟೆಯ ಸದ್ದನ್ನು ಅನುಕರಿಸಿ ಕೂಗಿತು, ಕಾಳಿನ ಬಟ್ಟಲಿನ ಅಂಚಿನಲ್ಲಿ ಕುಳಿತು ಕಟಕಟನೆ ಬೀಜ ಒಡೆಯುವ ಸದ್ದು ಅಡುಗೆಮನೆಯವರೆಗೂ ಕೇಳತೊಡಗಿತು. ಮನೆಯವರೆಲ್ಲ ತಿನ್ನುತ್ತಿದೆ, ಇನ್ನು ಭಯವಿಲ್ಲ ಎಂದರು. ಮರುದಿನ ಬೆಳಿಗ್ಗೆ ತಕ್ಕಡಿ 78 ತೋರಿಸಿತು. ತಳದ ಕಾಗದವನ್ನು ಹೊರಗೆಳೆದು ಬೆಳಕಿಗೆ ಹಿಡಿದು ನೋಡಿದಾಗ, ಸಿಪ್ಪೆಗಳ ನಡುವೆ ಸುಲಿದ ನವಣೆಯ ಕಾಳುಗಳು ಹಳದಿ ಚುಕ್ಕೆಗಳಂತೆ ಹರಡಿದ್ದವು. ಹಕ್ಕಿ ಬೀಜವನ್ನು ಒಡೆಯುತ್ತಿತ್ತು, ನುಂಗುತ್ತಿರಲಿಲ್ಲ! ಆ ಅಂಕಿಯನ್ನು ತಿಳಿಸಿದ ಮೇಲೆ ವೈದ್ಯರು ಅದೇ ದಿನ ಚಿಕಿತ್ಸೆ ಬದಲಿಸಿ, ತೆಳ್ಳಗಿನ ಆಹಾರವನ್ನು ತಾವೇ ನಳಿಕೆಯ ಮೂಲಕ ಹೊಟ್ಟೆಗೆ ಸೇರಿಸಿದರು. ಸದ್ದನ್ನು ನಂಬಿ ಕುಳಿತಿದ್ದರೆ ಆ ಹಕ್ಕಿ ಇಂದು ಇರುತ್ತಿರಲಿಲ್ಲ.

ಆದ್ದರಿಂದ ತೂಗಿ. ತೂಗುವುದು ಹೇಗೆಂದು ಕೇಳುವವರಿಗೆ ಉತ್ತರ ಸುಲಭವಿದೆ. ಕೇಕ್ ಮಾಡುವವರು ಮೈದಾ ಅಳೆಯಲು ಬಳಸುವ, ಒಂದೊಂದು ಗ್ರಾಂ ವ್ಯತ್ಯಾಸ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದರ ಮೇಲೆ ಕೂರುವ ಕೋಲನ್ನೋ ಚಿಕ್ಕ ಡಬ್ಬಿಯನ್ನೋ ಇಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ಬೆಳಿಗ್ಗೆ ಎದ್ದ ಹಕ್ಕಿ ಮೊದಲ ಹಿಕ್ಕೆ ಹಾಕಿದ ಮೇಲೆ, ಕಾಳು ಮುಟ್ಟುವ ಮೊದಲು, ಪ್ರತಿದಿನವೂ ಅದೇ ಹೊತ್ತಿಗೆ ತೂಗಿ ಕ್ಯಾಲೆಂಡರಿನಲ್ಲಿ ಬರೆಯಿರಿ. ಸಂಜೆ ಹೊಟ್ಟೆ ತುಂಬಿದ ಮೇಲೆ ತೂಗಿ ಬೆಳಗಿನ ಅಂಕಿಯೊಂದಿಗೆ ಹೋಲಿಸಿದರೆ ಏನೂ ಗೊತ್ತಾಗುವುದಿಲ್ಲ. ಸಾಮಾನ್ಯವಾಗಿ ಕಾಕಟೀಲ್ 80ರಿಂದ 110 ಗ್ರಾಂ, ನಾವು ಲವ್ ಬರ್ಡ್ಸ್ ಎಂದು ಕರೆಯುವ ಬಜರಿಗರ್ 30ರಿಂದ 40 ಗ್ರಾಂ ತೂಗುತ್ತದೆ. ನೂರರಲ್ಲಿ ಹತ್ತು ಭಾಗ ಇಳಿಯಿತೆಂದರೆ ತುರ್ತು ಪರಿಸ್ಥಿತಿ. ಬಜರಿಗರ್ ಹಕ್ಕಿಗೆ ಆ ಹತ್ತು ಭಾಗವೆಂದರೆ ಮೂರು ನಾಲ್ಕು ಗ್ರಾಂ, ಅಂಗೈಯಲ್ಲಿ ಹಿಡಿದು ನೋಡಿ ಯಾರೂ ಹೇಳಲಾಗದಷ್ಟು. ಬಂಗುಡೆ ಕೊಳ್ಳುವಾಗ ಮಾರುಕಟ್ಟೆಯಲ್ಲಿ ತಕ್ಕಡಿಯ ಮುಳ್ಳು ಸರಿಯಾಗಿ ನಿಂತಿತೇ ಎಂದು ಬಗ್ಗಿ ನೋಡುವ ನಾವು, ಮನೆಯ ಜೀವದ ವಿಷಯದಲ್ಲಿ ಮಾತ್ರ ಅಂದಾಜನ್ನು ನಂಬುತ್ತೇವೆ.

"ನಮ್ಮ ಊರಲ್ಲಿ ಹಕ್ಕಿಯ ಡಾಕ್ಟರೇ ಇಲ್ಲ, ತೂಗಿ ಏನು ಮಾಡುವುದು?" ಎಂದು ಪ್ರತಿ ವಿಡಿಯೋಕ್ಕೂ ಬರೆಯುವವರಿದ್ದಾರೆ. ಇಲ್ಲದಿರುವುದರಿಂದಲೇ ತೂಗಬೇಕು ಎಂಬುದು ಇವರಿಗೆ ಯಾಕೆ ಹೊಳೆಯುವುದಿಲ್ಲ? ನಮ್ಮ ಉತ್ತರ ಕನ್ನಡ ಜಿಲ್ಲೆಯ ಪಶುವೈದ್ಯರು ದನ, ಎಮ್ಮೆ, ನಾಯಿಗಳ ನಡುವೆ ದಿನ ಕಳೆಯುವವರು. ಗಿಳಿಯನ್ನು ಬಲ್ಲ ವೈದ್ಯರನ್ನು ಕಾಣಲು ಕಾರವಾರದವರು ಗೋವಾಕ್ಕೆ ಹೋಗುತ್ತಾರೆ, ಯಲ್ಲಾಪುರದವರು ಹುಬ್ಬಳ್ಳಿ ಧಾರವಾಡಕ್ಕೆ, ಶಿರಸಿಯವರು ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ. ಮಳೆಗಾಲದಲ್ಲಿ ಘಟ್ಟದ ರಸ್ತೆಯನ್ನೂ ಕರಾವಳಿಯ ರಸ್ತೆಯನ್ನೂ ನೆಚ್ಚುವಂತಿಲ್ಲ; 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಬಂದಾಗಿದ್ದನ್ನು ಯಾರೂ ಮರೆತಿಲ್ಲ. ಪ್ರತಿ ಸಲವೂ ಪಂಜರ ಹೊತ್ತುಕೊಂಡು ಹೋಗಲಾಗದವರು ದೂರದ ವೈದ್ಯರಿಗೆ ಫೋನಿನಲ್ಲಿ ಏನು ಹೇಳುತ್ತೀರಿ? "ಸ್ವಲ್ಪ ಡಲ್ ಇದೆ, ನಿನ್ನೆಗಿಂತ ಪರವಾಗಿಲ್ಲ" ಎಂದರೆ ಅವರು ಯಾವ ನಿರ್ಧಾರ ತೆಗೆದುಕೊಳ್ಳಬೇಕು? ಔಷಧಿಯ ಪ್ರಮಾಣವನ್ನು ಲೆಕ್ಕ ಹಾಕುವುದೇ ಹಕ್ಕಿಯ ತೂಕದ ಮೇಲೆ. ವಾರದ ಅಂಕಿಗಳನ್ನೂ, ಬಿಳಿ ಕಾಗದದ ಮೇಲೆ ಬಿದ್ದ ಹಿಕ್ಕೆಯ ಫೋಟೋವನ್ನೂ ಕಳುಹಿಸಿದರೆ ನೂರಾರು ಕಿಲೋಮೀಟರ್ ದೂರದಲ್ಲಿರುವವರಿಗೂ ಹಕ್ಕಿಯ ಸ್ಥಿತಿ ಅರ್ಥವಾಗುತ್ತದೆ.

ಇನ್ನು ಕೆಲವರು ಅಂಗಡಿಯಲ್ಲಿ ಕೊಟ್ಟ ಹಳದಿ ಪುಡಿಯನ್ನು ಕುಡಿಯುವ ನೀರಿಗೆ ಬೆರೆಸಿ ಚಿಕಿತ್ಸೆ ನಡೆಯುತ್ತಿದೆ ಎನ್ನುತ್ತಾರೆ. ಕಾಕಟೀಲ್ ಆಸ್ಟ್ರೇಲಿಯಾದ ಒಣ ನಾಡಿನಿಂದ ಬಂದ ಹಕ್ಕಿ, ನೀರು ಕುಡಿಯುವುದೇ ಕಡಿಮೆ. ಕಾಯಿಲೆ ಬಿದ್ದರೆ ಇನ್ನೂ ಕಡಿಮೆ. ಕಹಿ ನೀರನ್ನಂತೂ ಮುಟ್ಟುವುದೇ ಇಲ್ಲ. ಎಷ್ಟು ಔಷಧಿ ಹೊಟ್ಟೆಗೆ ಹೋಯಿತೆಂಬುದು ದೇವರಿಗೂ ತಿಳಿಯದ ಈ ಕ್ರಮವನ್ನು ಚಿಕಿತ್ಸೆಯೆಂದು ಕರೆಯಲು ನಾನು ಸಿದ್ಧನಿಲ್ಲ.

ಔಷಧಿಯ ಅವಧಿಯ ವಿಷಯಕ್ಕೆ ಬರೋಣ, ಏಕೆಂದರೆ ಕುಮಟಾದವರ ಕಥೆ ಮುರಿದದ್ದು ಅಲ್ಲಿಯೇ. ಗಿಳಿಗಳಿಗೆ ಬರುವ ಸಿಟಕೋಸಿಸ್ ಎಂಬ ಸೋಂಕಿಗೆ ಡಾಕ್ಸಿಸೈಕ್ಲಿನ್ ಔಷಧಿಯನ್ನು ರೂಢಿಯಲ್ಲಿ 45 ದಿನ ಕೊಡುತ್ತಾರೆ. ಹಕ್ಕಿ ಮೊದಲ ವಾರದಲ್ಲಿಯೇ ಲವಲವಿಕೆ ತೋರಿಸಬಹುದು, ಆದರೆ ರೋಗಾಣು ದೇಹದ ಕೋಶಗಳ ಒಳಗೆ ಅಡಗಿರುತ್ತದೆ. ನಡುವೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುತ್ತದೆ, ಅಥವಾ ಹಕ್ಕಿ ಹೊರಗೆ ಚೆನ್ನಾಗಿದ್ದೇ ಸೋಂಕನ್ನು ಹರಡುತ್ತಿರುತ್ತದೆ. ಇದು ಒಣಗಿದ ಹಿಕ್ಕೆಯ ಧೂಳಿನ ಮೂಲಕ ಮನುಷ್ಯರಿಗೂ ಬರುವ ಕಾಯಿಲೆ. ಮನೆಯಲ್ಲಿ ಯಾರಿಗಾದರೂ ಜ್ವರ, ತಲೆನೋವು, ಒಣಕೆಮ್ಮು ಬಂದರೆ ಗಿಳಿ ಸಾಕಿರುವುದನ್ನು ವೈದ್ಯರಿಗೆ ತಪ್ಪದೇ ಹೇಳಿ. ನಮ್ಮ ಕರಾವಳಿಗೇ ಸಂಬಂಧಿಸಿದ ಇನ್ನೊಂದು ಸಂಗತಿಯೂ ಇದೆ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಆಯ್ದುಕೊಂಡು ಬಂದ ಸಮುದ್ರದ ನೊರೆಯನ್ನು, ಅಂದರೆ ಆ ಬಿಳಿಯ ಹಗುರವಾದ ಎಲುಬನ್ನು, ಸುಣ್ಣದ ಅಂಶಕ್ಕಾಗಿ ನಾವೆಲ್ಲರೂ ಪಂಜರಕ್ಕೆ ಕಟ್ಟುತ್ತೇವೆ. ಉಳಿದ ದಿನಗಳಲ್ಲಿ ಒಳ್ಳೆಯದೇ. ಆದರೆ ಬಾಯಿಯ ಮೂಲಕ ಕೊಡುವ ಡಾಕ್ಸಿಸೈಕ್ಲಿನ್ ಸುಣ್ಣದ ಅಂಶದೊಂದಿಗೆ ಸೇರಿಕೊಂಡು ಸರಿಯಾಗಿ ಮೈಗೆ ಹತ್ತದೇ ಹೋಗಬಹುದು. ಆ ಔಷಧಿ ನಡೆಯುವಷ್ಟು ಕಾಲ ಅದನ್ನು ತೆಗೆದಿಡಬೇಕೇ ಎಂದು ವೈದ್ಯರನ್ನು ಕೇಳಿ. ನಿಮ್ಮ ಹಕ್ಕಿಗೆ ಇದೇ ಕಾಯಿಲೆಯೆಂದು ನೀವೇ ತೀರ್ಮಾನಿಸಿ ಮೆಡಿಕಲ್ ಶಾಪಿಗೆ ಓಡಬೇಡಿ.

ನಡುವೆ ಒಂದು ಸ್ಪಷ್ಟನೆ. ಇಲ್ಲಿ ಮಾತನಾಡುತ್ತಿರುವುದು ಕಾಕಟೀಲ್, ಬಜರಿಗರ್‌ನಂತಹ ಹೊರದೇಶದ ಗಿಳಿಗಳ ಬಗ್ಗೆ. ತೆಂಗಿನ ಪೊಟರೆಯಿಂದ ಬಿದ್ದ ನಮ್ಮ ಹಸಿರು ಗಿಳಿಯ ಮರಿಯನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅಂಥ ಮರಿ ಸಿಕ್ಕರೆ ಅರಣ್ಯ ಇಲಾಖೆಗೆ ತಿಳಿಸಿ.

ಬೆಚ್ಚಗಿಡುವುದು ತೂಕಕ್ಕೇ ಸೇರಿದ ವಿಷಯ. ಹಕ್ಕಿಯ ಮೈಬಿಸಿ 40ರಿಂದ 42 ಡಿಗ್ರಿ ಸೆಲ್ಸಿಯಸ್. ಆಷಾಢದ ಗಾಳಿಯಲ್ಲಿ ಅದನ್ನು ಕಾಪಾಡಿಕೊಳ್ಳಲು ತಿಂದದ್ದೆಲ್ಲ ಖರ್ಚಾದರೆ ಮೈ ತುಂಬುವುದಾದರೂ ಹೇಗೆ? ಕಾಯಿಲೆಯ ಹಕ್ಕಿಯ ಸುತ್ತ ಸುಮಾರು 30 ಡಿಗ್ರಿ ಇರಬೇಕು. ಬಲ್ಬನ್ನು ಪಂಜರದ ಹೊರಗೆ, ಒಂದೇ ಬದಿಯಲ್ಲಿ ಇಡಿ, ಸೆಕೆಯಾದರೆ ಹಕ್ಕಿ ಇನ್ನೊಂದು ಬದಿಗೆ ಸರಿಯಲಿ. ಕೊಕ್ಕು ತೆರೆದು ಏದುಸಿರು ಬಿಡುತ್ತಾ ರೆಕ್ಕೆಯನ್ನು ಮೈಯಿಂದ ದೂರ ಹಿಡಿದರೆ ಬಿಸಿ ಹೆಚ್ಚಾಗಿದೆಯೆಂದು ತಿಳಿಯಿರಿ. ಕರೆಂಟು ಹೋದರೆ ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಪಕ್ಕದಲ್ಲಿಡಿ. ಸೊಳ್ಳೆಬತ್ತಿ, ಊದುಬತ್ತಿ, ಮೀನು ಹುರಿಯುವ ಹೊಗೆ, ಕಾದ ನಾನ್‌ಸ್ಟಿಕ್ ಬಾಣಲೆ, ಇವೆಲ್ಲವೂ ಆ ಕೋಣೆಯಿಂದ ದೂರವಿರಲಿ. ಅತಿಯಾಗಿ ಕಾದ ನಾನ್‌ಸ್ಟಿಕ್ ಲೇಪನದ ಆವಿ ಗಟ್ಟಿಮುಟ್ಟಾದ ಗಿಳಿಯನ್ನೂ ನಿಮಿಷಗಳಲ್ಲಿ ಕೊಲ್ಲಬಲ್ಲದು.

ಶಿರಸಿಯ ಸಂಬಂಧಿಕರೊಬ್ಬರು, ವಯಸ್ಸಾದವರು, ನನ್ನನ್ನು ತಡೆದು "ತಮಾ, ಹಕ್ಕಿ ತೂಗಡ, ದೃಷ್ಟಿ ಆಗ್ತು" ಎಂದಿದ್ದರು. ಅವರ ಮಾತಿನಲ್ಲಿ ಪ್ರೀತಿಯಿತ್ತು, ನಾನು ತೂಗುವುದನ್ನು ಬಿಡಲಿಲ್ಲ. ನನಗೆ ಸಿಟ್ಟು ಬರುವುದು "ಅಜ್ಜನ ಕಾಲದಲ್ಲಿ ಯಾರು ತೂಗುತ್ತಿದ್ದರು?" ಎಂದು ಮೊಬೈಲಿನಲ್ಲಿ ಬರೆಯುವ ಓದಿದವರ ಮೇಲೆ. ಅಜ್ಜನ ಕಾಲದಲ್ಲಿ ಹಕ್ಕಿ ತೂಕಡಿಸಿದರೆ ಎರಡು ಹನಿ ಬ್ರಾಂದಿ ಬಿಡುತ್ತಿದ್ದರು. ಹಕ್ಕಿಗೆ ಮದ್ಯ ವಿಷ. ಹಾಗೆ ಸತ್ತ ಹಕ್ಕಿಗಳ ಲೆಕ್ಕವನ್ನು ಯಾರೂ ಬರೆದಿಟ್ಟಿಲ್ಲವಾದ್ದರಿಂದ ಹಳೆಯ ಕಾಲ ನಮಗೆ ಚೆಂದವಾಗಿ ಕಾಣುತ್ತದೆ. "ದಿನಾ ಹಿಡಿದರೆ ಹಕ್ಕಿಗೆ ಗಾಬರಿಯಾಗುತ್ತದೆ" ಎಂಬ ವಾದವೂ ನಿಲ್ಲುವುದಿಲ್ಲ, ಹಿಡಿಯಬೇಕೆಂದು ಯಾರು ಹೇಳಿದರು? ಕೋಲಿನ ಮೇಲೆ ಹತ್ತಿಸಿ, ಅಂಕಿ ನೋಡಿ, ಇಳಿಸಿ. "ಒಂದು ಹಕ್ಕಿಗಾಗಿ ಇಷ್ಟೆಲ್ಲ ಯಾಕೆ?" ಎನ್ನುವವರಿಗೆ ನನ್ನಲ್ಲಿ ಉತ್ತರವಿಲ್ಲ, ಅವರು ದಯವಿಟ್ಟು ಹಕ್ಕಿಯನ್ನು ತರಲೇಬಾರದು.

ತೂಗಿ. ಹಾಡಿದರೂ ತೂಗಿ, ನಿಮ್ಮ ಹೆಸರು ಹಿಡಿದು ಕೂಗಿದರೂ ತೂಗಿ. ಔಷಧಿ ಮುಗಿಯಿತೆಂದು ವೈದ್ಯರೇ ಹೇಳಿದ ಮೇಲೂ, ಹಳೆಯ ತೂಕ ಮರಳಿ ಬಂದು ಕೆಲವು ವಾರ ಅಲ್ಲಿಯೇ ನಿಲ್ಲುವವರೆಗೆ ತೂಗಿ. ನನ್ನ ಮೇಲೆ ಕೋಪಿಸಿಕೊಂಡಾದರೂ ತೂಗಿ! ತಿಂಗಳಿನ ಅಂಕಿಗಳನ್ನು ಬರೆಯಲು ಅನುಕೂಲವಾಗುವಂತೆ ಒಂದು ಹಾಳೆಯನ್ನು ಸಿದ್ಧಪಡಿಸಿ ವಿಡಿಯೋದ ವಿವರಣೆಯಲ್ಲಿ ಕೊಂಡಿ ಹಾಕಿದ್ದೇನೆ, ಮುದ್ರಿಸಿ ಪಂಜರದ ಪಕ್ಕ ಅಂಟಿಸಿಕೊಳ್ಳಿ. ಚಾನೆಲ್‌ಗೆ ಚಂದಾದಾರರಾಗಿ, ಹಕ್ಕಿ ಸಾಕಿರುವ ನೆರೆಯವರಿಗೂ ಇದನ್ನು ಕಳುಹಿಸಿ. ನಾಳೆ ಬೆಳಿಗ್ಗೆಯ ತೂಕವನ್ನು, ಹಕ್ಕಿ ಯಾವ ಜಾತಿಯದು ಮತ್ತು ಈಗ ಯಾವ ಔಷಧಿ ನಡೆಯುತ್ತಿದೆ ಎಂಬುದರ ಜೊತೆಗೆ, ಕೆಳಗೆ ಬರೆಯಿರಿ. ಪ್ರತಿಯೊಂದನ್ನೂ ನಾನು ಓದುತ್ತೇನೆ, ಇಳಿಯುತ್ತಿರುವ ಅಂಕಿ ಕಂಡರೆ ಅದೇ ದಿನ ನಿಮಗೆ ಬರೆದು ತಿಳಿಸುತ್ತೇನೆ.