ಅಂಚಿನ ಕೆಳಗೆ ಉಳಿದ ಸಾಲು

ಕೇಳುಗರೆಲ್ಲರಿಗೂ ನಮಸ್ಕಾರ.

ಆನ್‌ಲೈನ್ ಪಾಠಗಳನ್ನು ಸಿದ್ಧಪಡಿಸುವುದು ನನ್ನ ಕೆಲಸ. ಮೊಬೈಲಿನಲ್ಲಿ ಪಾಠ ನೋಡುವಾಗ, ಪಕ್ಕದ ಚಿತ್ರ ಅಲ್ಲಾಡದೆ ನಿಂತಿದ್ದು, ಒಂದು ಚೌಕದೊಳಗಿನ ಬರಹ ಮಾತ್ರ ಮೇಲೆ ಕೆಳಗೆ ಸರಿಯುವುದನ್ನು ನೀವು ಕಂಡಿರಬಹುದು. ಅದನ್ನು ಸ್ಕ್ರಾಲಿಂಗ್ ಪ್ಯಾನೆಲ್ ಎನ್ನುತ್ತೇವೆ. ಆರ್ಟಿಕ್ಯುಲೇಟ್ ಸ್ಟೋರಿಲೈನ್‌ನಂತಹ ತಂತ್ರಾಂಶದಲ್ಲಿ ಚೌಕವೊಂದನ್ನು ಎಳೆದು, ಬರಹವನ್ನು ಅದರೊಳಗೆ ತಂದಿಟ್ಟರೆ ಪ್ಯಾನೆಲ್ ಸಿದ್ಧ. ಇಷ್ಟು ಸುಲಭವಾದ್ದರಿಂದಲೇ ಅದರ ದುರ್ಬಳಕೆಯೂ ಹೆಚ್ಚು. ಇಂಗ್ಲಿಷ್ ಪಾಠವನ್ನು ಕನ್ನಡಕ್ಕೆ ತಂದಾಗ ಸಾಲುಗಳು ಬೆಳೆದು, ಮೊದಲಿನ ಜಾಗದಲ್ಲಿ ಹಿಡಿಸುವುದಿಲ್ಲ. ಆಗ ಬರಹವನ್ನು ತಿದ್ದಿ ಮೊಟಕು ಮಾಡುವ ಬದಲು ಪ್ಯಾನೆಲ್‌ಗೆ ತುಂಬಿಬಿಡುತ್ತೇವೆ.

ನಾನೂ ಹಾಗೆ ಮಾಡಿದ್ದೆ. ಅದು ಆರೋಗ್ಯ ಕಾರ್ಯಕರ್ತೆಯರಿಗಾಗಿ ಮಾಡಿದ, ಭೇದಿಯಾದವರಿಗೆ ಕುಡಿಸುವ ಓಆರ್‌ಎಸ್ ದ್ರಾವಣ ತಯಾರಿಸುವ ಪಾಠ. ಕೈ ತೊಳೆಯಿರಿ, ಒಂದು ಲೀಟರ್ ಶುದ್ಧ ನೀರು ಅಳೆಯಿರಿ, ಪೊಟ್ಟಣವನ್ನು ಪೂರ್ತಿ ಸುರಿಯಿರಿ, ಕರಗುವವರೆಗೆ ಕಲಕಿ. ಈ ನಾಲ್ಕು ಸಾಲುಗಳು ಚೌಕದಲ್ಲಿ ಅಚ್ಚುಕಟ್ಟಾಗಿ ಕೂತಿದ್ದವು. 24 ಗಂಟೆ ಕಳೆದರೆ ಉಳಿದದ್ದನ್ನು ಚೆಲ್ಲಿ ಎಂಬ ಐದನೆಯ ಸಾಲು ಅಂಚಿನ ಕೆಳಗಿತ್ತು. ಕಾರ್ಯಕರ್ತೆಯೊಬ್ಬರು ನನ್ನೆದುರೇ ನಾಲ್ಕು ಸಾಲು ಓದಿ ಮುಂದಿನ ಪುಟಕ್ಕೆ ಹೋದರು. "ಕೆಳಗೆ ಇನ್ನೊಂದು ಸಾಲಿದೆ ಅಕ್ಕಾ" ಎಂದೆ. "ಇದೆ ಎಂದು ನನಗೆ ಹೇಗೆ ಗೊತ್ತಾಗಬೇಕು ಮೇಡಂ?" ಎಂದರು.

ಅವರು ಕೇಳಿದ್ದು ಸರಿ. ಕಂಪ್ಯೂಟರಿನಲ್ಲಿ ಪಕ್ಕದ ಸ್ಕ್ರಾಲ್ ಪಟ್ಟಿ ನನಗೆ ಕಾಣುತ್ತಿತ್ತು. ಅನೇಕ ಮೊಬೈಲ್‌ಗಳಲ್ಲಿ ಬೆರಳಾಡಿಸುವವರೆಗೂ ಅದು ಕಾಣಿಸುವುದೇ ಇಲ್ಲ.

ಚೌಕದ ಎತ್ತರವನ್ನು ಬದಲಿಸಿ, ಕೊನೆಗೆ ಕಾಣುವ ಸಾಲು ಅರ್ಧಕ್ಕೆ ಕತ್ತರಿಸಿದಂತೆ ಮಾಡಿದರೆ ಕಣ್ಣು ತಾನಾಗಿ ಕೆಳಗೆ ಹುಡುಕುತ್ತದೆ. ಆದರೆ ಕನ್ನಡದಲ್ಲಿ ಇಲ್ಲೊಂದು ಎಚ್ಚರ ಬೇಕು. ಅಂಚು ತುಸು ಕೆಳಗೆ ಬಿದ್ದರೆ ಒತ್ತಕ್ಷರ ಮಾತ್ರ ಮರೆಯಾಗುತ್ತದೆ. "ಉಪ್ಪು" ಎಂಬುದು "ಉಪು" ಎಂದು ಕಾಣುತ್ತದೆ, ಓದುವವರು ಅಚ್ಚಿನ ತಪ್ಪೆಂದುಕೊಂಡು ಮುಂದೆ ಹೋಗುತ್ತಾರೆ. ಅಕ್ಷರದ ನಡು ಕತ್ತರಿಸಬೇಕು. ಇದನ್ನು ಸರಿಪಡಿಸಲು ನನಗೆ ಒಂದು ಮಧ್ಯಾಹ್ನ ಹಿಡಿಯಿತು, ಆ ಮಧ್ಯಾಹ್ನದ ಬಗ್ಗೆ ಇಂದಿಗೂ ಸಂತೋಷವಿದೆ.

ಹಾಗಾದರೆ ಪ್ಯಾನೆಲ್ ಬೇಡವೇ? ಬೇಕು. ರೋಗಿಯ ವಿವರ ಓದುತ್ತಾ ಪಕ್ಕದ ಪ್ರಶ್ನೆಗೆ ಉತ್ತರಿಸುವಾಗ, ದೊಡ್ಡ ಪಟ್ಟಿಯನ್ನು ನೋಡುತ್ತಾ ಲೆಕ್ಕ ಮಾಡುವಾಗ, ಎರಡೂ ಕಣ್ಣ ಮುಂದಿರಬೇಕಾದ ಕಡೆ ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ಬಿಟ್ಟರೆ ಕೆಲಸ ಕೆಡುವಂತಹ ಮಾತನ್ನು ಮಾತ್ರ ಅದರ ತಳದಲ್ಲಿಡಬಾರದು. ಇಡೀ ಪುಟವೇ ಸರಿಯುವ ಪಾಠದೊಳಗೆ ಇನ್ನೊಂದು ಸರಿಯುವ ಚೌಕವನ್ನೂ ಇಡಬಾರದು, ಯಾವುದು ಸರಿಯುತ್ತಿದೆ ಎಂದು ಬೆರಳಿಗೇ ತಿಳಿಯುವುದಿಲ್ಲ. ಮೌಸ್ ಹಿಡಿಯಲಾಗದವರು ಕೀಲಿಮಣೆಯಿಂದಲೇ ತಳದವರೆಗೆ ಹೋಗಬಲ್ಲರೇ ಎಂದೂ ನೋಡಬೇಕು.

ತಿದ್ದಿದ ಪಾಠವನ್ನು ಅದೇ ಅಕ್ಕನಿಗೆ ತೋರಿಸಿದೆ. ಅರ್ಧ ಸಾಲು ಕಂಡದ್ದೇ ಹೆಬ್ಬೆರಳಿನಿಂದ ಮೇಲಕ್ಕೆ ಸರಿಸಿದರು. ಐದನೆಯ ಸಾಲನ್ನು ಗಟ್ಟಿಯಾಗಿ ಓದಿ ಕೇಳಿದರು: "24 ಗಂಟೆ ಎಂದರೆ ಕಲಕಿದ ಹೊತ್ತಿನಿಂದಲೋ, ಮಗುವಿಗೆ ಕುಡಿಸಿದ ಹೊತ್ತಿನಿಂದಲೋ?"

ಈಗ ಆ ಸಾಲು "ಕಲಕಿದ ಹೊತ್ತಿನಿಂದ" ಎಂದೇ ಶುರುವಾಗುತ್ತದೆ. ಅದನ್ನು ಪ್ಯಾನೆಲ್‌ನಿಂದ ಹೊರಗೆ ತಂದು, ಚಿತ್ರದ ಕೆಳಗೆ, ದಪ್ಪ ಅಕ್ಷರದಲ್ಲಿ ಇಟ್ಟಿದ್ದೇನೆ.

ನಮಸ್ಕಾರ.