ಮೊದಲು ಇಸವಿ, ಆಮೇಲೆ ಬೋಗಿ

ಕೇಳುಗರೇ, ನಮಸ್ಕಾರ. ಮನೆಯಲ್ಲಿ ಪುಟ್ಟ ರೈಲು ಕಟ್ಟುವ ಹುಚ್ಚಿನವರು ನಮ್ಮ ಹಾಸನದ ಕಡೆಯೂ ಇದ್ದಾರೆ. ಇಂಜಿನ್ ಬಗ್ಗೆ ಕೇಳಿ, ಊಟ ಮರೆತು ಹೇಳುತ್ತಾರೆ. ಬೋಗಿ ಬಗ್ಗೆ ಕೇಳಿದರೆ, 'ಯಾವುದೋ ಒಂದು ಸಾರ್, ನಡೆಯುತ್ತೆ.' ನಡೆಯೋದಿಲ್ಲ. ಬೋಗಿ ಮಾಡುವ ಮೊದಲು ಇಸವಿ ಗೊತ್ತುಮಾಡಿಕೊಳ್ಳಿ. ಇವತ್ತು ನಾನು ಹೇಳೋದು ಇದೊಂದೇ.

ಪೆಟ್ಟು ತಿಂದೇ ಕಲಿತವನು ನಾನು. ಒಮ್ಮೆ 1985ರ ಸಕಲೇಶಪುರ ಸ್ಟೇಷನ್ ಮಾಡಲು ಕೂತೆ. ಅಳತೆ 87ಕ್ಕೆ 1, ಅಂದರೆ ನಿಜದ 87 ಮೀಟರ್ ನನ್ನ ಮೇಜಿನ ಮೇಲೆ ಒಂದು ಮೀಟರ್. ಮೂರು ತಿಂಗಳು ರಾತ್ರಿ ಕೂತು ಆರು ಬೋಗಿ ಮಾಡಿದೆ. ಒಂದೊಂದು ಇಪ್ಪತ್ನಾಲ್ಕೂವರೆ ಸೆಂಟಿಮೀಟರ್ ಉದ್ದ. ಕಿಟಕಿಗೆ ತಂತಿಯಲ್ಲಿ ಅಡ್ಡ ಕಂಬಿ. ಚೆಂದದ ನೀಲಿ ಬಣ್ಣ. ನಮ್ಮ ಬೀದಿಯಲ್ಲೊಬ್ಬರು ರಿಟೈರ್ ಆದ ಗಾರ್ಡ್ ಇದ್ದರು. ಕಾಫಿಗೆ ಕರೆದು ತೋರಿಸಿದೆ. ಲೋಟ ಪಕ್ಕಕ್ಕಿಟ್ಟರು. ಕನ್ನಡಕ ಹಣೆಗೇರಿಸಿ ಬೋಗಿಯನ್ನು ಕಣ್ಣ ಹತ್ತಿರ ಹಿಡಿದರು.

"ಯಾವ ಇಸವಿ ಸ್ವಾಮಿ ಇದು?"

"ಎಂಬತ್ತೈದು."

"ಎಂಬತ್ತೈದರಲ್ಲಿ ಈ ಘಾಟಿ ಇಳಿಸ್ತಿದ್ದವನು ನಾನೇ. ನಮ್ಮ ಗಾಡೀಲಿ ನೀಲಿ ಡಬ್ಬಿ ಎಲ್ಲಿತ್ತು? ಎಲ್ಲಾ ಇಟ್ಟಿಗೆ ಕೆಂಪು."

ಆಮೇಲೆ ಹಳಿಗಳ ನಡುವೆ ಬೆರಳಿಟ್ಟರು. "ಇದೇನು ಇಷ್ಟು ಅಗಲ? ಆಗ ಮೀಟರ್ ಗೇಜ್ ಅಲ್ವಾ?"

ಹೌದಲ್ಲ! 1979ರಲ್ಲಿ ಹಾಸನ–ಮಂಗಳೂರು ಮಾರ್ಗ ಶುರುವಾದದ್ದೇ ಮೀಟರ್ ಗೇಜಿನಲ್ಲಿ. ಹಳಿಯ ನಡುವೆ ಒಂದು ಮೀಟರ್, ಅಂದರೆ ನನ್ನ ಅಳತೆಗೆ ಹನ್ನೊಂದೂವರೆ ಮಿಲಿಮೀಟರ್. ನಾನು ಹಾಕಿದ್ದು ಅಂಗಡಿಯಲ್ಲಿ ಸಿಗುವ ಹದಿನಾರೂವರೆಯ ಹಳಿ. ಬೋಗಿಯೂ ಬ್ರಾಡ್ ಗೇಜಿನ ದಪ್ಪ ಬೋಗಿ. ಪುಣ್ಯಾತ್ಮರು ಕಾಫಿ ಮುಗಿಸಿ, "ಸೀಟು ಮಾತ್ರ ಚೆನ್ನಾಗಿ ಮಾಡಿದ್ದೀರಿ" ಅಂದು ಎದ್ದರು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಅಯ್ಯೋ, ಕತೆಯಲ್ಲೇ ಹೊತ್ತು ಹೋಯಿತು. ಉಳಿದದ್ದು ಬೇಗ ಹೇಳುತ್ತೇನೆ. ಬೋಗಿಯ ಮೇಲೆ ಥರ್ಡ್ ಕ್ಲಾಸ್ ಗುರುತು ಹಾಕುತ್ತೀರಾ? 1974ಕ್ಕೇ ಅದು ಹೋಯಿತು. ನೈಋತ್ಯ ರೈಲ್ವೆ ಅಂತ ಬರೆಯುತ್ತೀರಾ? ಅದು ಹುಟ್ಟಿದ್ದೇ 2003ರಲ್ಲಿ, ಅಲ್ಲಿಯವರೆಗೆ ನಮ್ಮದು ದಕ್ಷಿಣ ರೈಲ್ವೆ. ಈಗಿನ ಜರ್ಮನ್ ವಿನ್ಯಾಸದ ಎಲ್‌ಎಚ್‌ಬಿ ಬೋಗಿಯಂತೂ ಪೆರಂಬೂರಿನ ಐಸಿಎಫ್ ಕಾರ್ಖಾನೆಯ ಹಳೇ ಬೋಗಿಗಿಂತ ಎರಡು ಮೀಟರಿಗೂ ತುಸು ಜಾಸ್ತಿ ಉದ್ದ. ನಿಮ್ಮ ಮೇಜಿನ ಮೇಲೆ ಎರಡೂವರೆ ಸೆಂಟಿಮೀಟರ್ ವ್ಯತ್ಯಾಸ, ದೂರದಿಂದಲೇ ಕಾಣುತ್ತದೆ. ಮೊನ್ನೆ ಒಬ್ಬರು 1990ರ ಚಿಕ್ಕಮಗಳೂರು ಸ್ಟೇಷನ್ ಮಾಡುತ್ತೇನೆ ಅಂದರು. ಆ ಊರಿಗೆ ರೈಲು ಬಂದದ್ದೇ 2013ರಲ್ಲಿ ಸ್ವಾಮಿ! ಅದಕ್ಕೇ ಹೇಳೋದು, ಮೊದಲು ಇಸವಿ.

ನನ್ನ ಆರು ನೀಲಿ ಬೋಗಿ ಅಟ್ಟದ ಮೇಲಿವೆ. ಮೇಲೆ ದಕ್ಷಿಣ ರೈಲ್ವೆ ಅಂತ ಬರೆದಿದೆ. 2000ದ ಹಾಸನ–ಮೈಸೂರು ಗಾಡಿ ಯಾರಾದರೂ ಕಟ್ಟುತ್ತಿದ್ದರೆ ಬಂದು ತಗೊಂಡು ಹೋಗಿ, ಕಾಸು ಬೇಡ. 1985 ಅಂದವರಿಗೆ ಮಾತ್ರ ಕೊಡೋದಿಲ್ಲ. ನಮಸ್ಕಾರ.