ಯಾಸುನಿಯ ಎಣ್ಣೆಗೆ ಬೆಲೆ ತೆರುವವರು ಯಾರು?

ಎಲ್ಲರಿಗೂ ನಮಸ್ಕಾರ.

ಒಂದು ಹೆಕ್ಟೇರ್ ಅಂದರೆ ನಮ್ಮ ಲೆಕ್ಕದಲ್ಲಿ ಎರಡೂವರೆ ಎಕರೆ ಹತ್ತಿರ. ಈಕ್ವೆಡಾರ್ ದೇಶದ ಯಾಸುನಿ ಕಾಡಿನಲ್ಲಿ ಅಷ್ಟೇ ಜಾಗದಲ್ಲಿ 650ಕ್ಕೂ ಹೆಚ್ಚು ಜಾತಿಯ ಮರಗಳಿವೆ. ಅಮೆಜಾನ್ ಕಾಡಿನ ಪಶ್ಚಿಮದ ಅಂಚು ಅದು. ಹೊರಗಿನ ಲೋಕದ ಸಹವಾಸವೇ ಬೇಡವೆಂದು ದೂರ ಉಳಿದಿರುವ ತಗಾಯೆರಿ, ತರೊಮೆನಾನೆ ಎಂಬ ಜನರೂ ಅಲ್ಲಿದ್ದಾರೆ. ಅವರ ಕಾಲಡಿಯಲ್ಲಿ ಕಚ್ಚಾ ತೈಲವಿದೆ.

ಈಕ್ವೆಡಾರ್ ಚಿಕ್ಕ ದೇಶ. 1967ರಲ್ಲಿ ಲಾಗೊ ಅಗ್ರಿಯೊದಲ್ಲಿ ಎಣ್ಣೆ ಸಿಕ್ಕಿತು. 1972ರಲ್ಲಿ ಆಂಡಿಸ್ ಪರ್ವತ ದಾಟಿಸಿ ಪೆಸಿಫಿಕ್ ಕರಾವಳಿಗೆ ಕೊಳವೆ ಹಾಕಿದರು. ರಸ್ತೆ, ಸಂಬಳ, ಸಾಲದ ಕಂತು, ಎಲ್ಲಕ್ಕೂ ಎಣ್ಣೆಯ ಕಾಸೇ ಆಸರೆಯಾಯಿತು. 2000ದಲ್ಲಿ ಆ ದೇಶ ತನ್ನ ನಾಣ್ಯವನ್ನೇ ಬಿಟ್ಟು ಡಾಲರನ್ನು ಒಪ್ಪಿಕೊಂಡಿತು. ಡಾಲರನ್ನು ಮುದ್ರಿಸುವ ಹಾಗಿಲ್ಲ, ಹೊರಗಿನಿಂದ ಗಳಿಸಿಯೇ ತರಬೇಕು. ಈ ಬಿಗಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಕೇಳಿ.

2007ರಲ್ಲಿ ಅಧ್ಯಕ್ಷ ರಫಾಯೆಲ್ ಕೊರೆಯಾ ಲೋಕದ ಮುಂದೆ ಒಂದು ಮಾತಿಟ್ಟರು. ಯಾಸುನಿಯ ಒಂದು ಭಾಗದಲ್ಲಿ ಸುಮಾರು 84 ಕೋಟಿ ಬ್ಯಾರಲ್ ಎಣ್ಣೆಯಿದೆ. ಅದನ್ನು ತೆಗೆಯದೆ ಬಿಡುತ್ತೇವೆ, ಅದರಿಂದ ಬರಬಹುದಾದ ಆದಾಯದ ಅರ್ಧದಷ್ಟನ್ನು, 360 ಕೋಟಿ ಡಾಲರನ್ನು, ನೀವೆಲ್ಲ ಸೇರಿ ಕೊಡಿ. ಮರುವರ್ಷ ಅವರ ಹೊಸ ಸಂವಿಧಾನ ಪ್ರಕೃತಿಗೇ ಹಕ್ಕುಗಳನ್ನು ಕೊಟ್ಟಿತು. 2013ರ ಹೊತ್ತಿಗೆ ಕೈಗೆ ಬಂದದ್ದು ಸುಮಾರು 1.3 ಕೋಟಿ ಡಾಲರ್. ಹವಾಮಾನದ ಬಗ್ಗೆ ಊರಿಗೆಲ್ಲ ಬುದ್ಧಿ ಹೇಳುವ ಶ್ರೀಮಂತ ದೇಶಗಳ ಈ ಜಿಪುಣತನವನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ. ಕೊರೆಯಾ ಯೋಜನೆಯನ್ನು ಕೈಬಿಟ್ಟರು. 2016ರಲ್ಲಿ ಅಲ್ಲಿಂದ ಎಣ್ಣೆ ಮೇಲೆ ಬಂತು.

ಆದರೆ ಅಲ್ಲಿನ ಯುವಕರು ಸುಮ್ಮನೆ ಕೂರಲಿಲ್ಲ. 'ಯಾಸುನಿದೋಸ್' ಎಂದು ಗುಂಪು ಕಟ್ಟಿ, ಜನಮತ ಕೇಳಿ ಎಂದು ಏಳು ಲಕ್ಷಕ್ಕೂ ಹೆಚ್ಚು ಸಹಿ ಕೂಡಿಸಿದರು. ಚುನಾವಣಾ ಮಂಡಳಿ ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತಿರಸ್ಕರಿಸಿತು. ಅವರು ಪಟ್ಟು ಬಿಡಲಿಲ್ಲ. ಸುಮಾರು ಹತ್ತು ವರ್ಷದ ಹೋರಾಟದ ಮೇಲೆ, 2023ರ ಮೇನಲ್ಲಿ, ಸಂವಿಧಾನ ನ್ಯಾಯಾಲಯ ದಾರಿ ಬಿಟ್ಟಿತು. ಆಗಸ್ಟ್ 20ರಂದು, ಅಧ್ಯಕ್ಷ ಚುನಾವಣೆಯ ದಿನವೇ, ಮತದಾನ ನಡೆಯಿತು. ನೂರಕ್ಕೆ 59 ಮಂದಿ ಎಣ್ಣೆ ನೆಲದಲ್ಲೇ ಇರಲಿ ಎಂದರು. ಎಣ್ಣೆಯನ್ನೇ ನೆಚ್ಚಿಕೊಂಡ ದೇಶದ ಜನ ಹಾಗೆ ಹೇಳಿದರಲ್ಲ, ಅದು ನನಗೆ ಬಹಳ ದೊಡ್ಡದು.

ಇಲ್ಲೇ ಮಾತು ಮುಗಿಸಿಬಿಟ್ಟರೆ ನಿಮಗೆ ಅರ್ಧ ಕಥೆ ಹೇಳಿದಂತಾಗುತ್ತದೆ. ಯಾಸುನಿಯ ದೊಡ್ಡ ಪಾಲು ಇರುವ ಒರೆಲ್ಯಾನಾ ಪ್ರಾಂತ್ಯದಲ್ಲಿ ಬಹುಮತ ಬಿದ್ದದ್ದು ಎಣ್ಣೆ ತೆಗೆಯುವುದರ ಪರವಾಗಿ. ಕಾಡಿನ ಮಗ್ಗುಲಲ್ಲಿ ಇರುವವರು ಹೀಗೇಕೆ ಹೇಳಿದರೆಂದು ಸಿಡುಕುವ ಮೊದಲು ಅವರ ಸ್ಥಿತಿ ನೋಡಬೇಕು. ಅಲ್ಲಿ ಕೆಲಸ ಅಂದರೆ ಎಣ್ಣೆಯ ಕೆಲಸ. ಶಾಲೆಗೂ ದವಾಖಾನೆಗೂ ಹಣ ಅಲ್ಲಿಂದಲೇ ಬರಬೇಕು. ಆ ಕಾಡಿನ ವವೊರಾನಿ ಜನರಲ್ಲೇ ಎರಡು ಪಕ್ಷಗಳಾದವು. ರಾಜಧಾನಿಯಲ್ಲಿ ಮತ ಹಾಕಿದವನ ಕೆಲಸ ಹೋಗುವುದಿಲ್ಲ, ಎಣ್ಣೆಬಾವಿಯ ಪಕ್ಕದವನದು ಹೋಗುತ್ತದೆ. ಮೊದಲು ಲೋಕ ಬೆಲೆ ಕೊಡಲಿಲ್ಲ. ಈಗ ದೇಶದೊಳಗೆ ಆ ಬೆಲೆ ಅತಿ ಬಡವನ ತಲೆಗೆ ಬರಬಾರದು. ಅವರಿಗೆ ಬದಲಿ ದುಡಿಮೆಯ ಏರ್ಪಾಡು ಬಾವಿ ಮುಚ್ಚುವ ಕೆಲಸದ ಜೊತೆಜೊತೆಗೇ ಆಗಬೇಕು ಎಂಬುದೇ ನನ್ನ ವಾದ.

ಒಂದು ವರ್ಷದೊಳಗೆ ಎಣ್ಣೆ ತೆಗೆಯುವ ಸಲಕರಣೆಯನ್ನೆಲ್ಲ ಕಳಚಿ ತೆಗೆಯಬೇಕೆಂದು ನ್ಯಾಯಾಲಯ ಹೇಳಿತ್ತು. ಗಡುವು ಮುಗಿಯುವ ಹೊತ್ತಿಗೆ, 2024ರ ಆಗಸ್ಟ್‌ನಲ್ಲಿ, ಮೊದಲ ಬಾವಿ ಮುಚ್ಚಿತು. ಬಾವಿಗಳಿದ್ದದ್ದು ಇನ್ನೂರಕ್ಕೂ ಹೆಚ್ಚು. ಉಳಿದವಕ್ಕೆ ವರ್ಷಗಳೇ ಬೇಕು ಎಂದು ಸರ್ಕಾರ ತಿಳಿಸಿತು.